ಕೂರುವುದು ಬೇರೆ, ಕೂಡಿ ಬಾಳುವುದು ಬೇರೆ

ಬೀದರ ಜಿಲ್ಲೆಯ ಗಡಿಯಂಚಿನಲ್ಲಿ ಕಮಲನಗರವೆಂಬ ಊರಿದೆ. ಹಿಂದೆ ಔರಾದ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವೆನಿಸಿದೆ. ವಿಕಾರಾಬಾದಿನಿಂದ ಹೊರಟು ಬೀದರ, ಭಾಲ್ಕಿಗಳನ್ನು ದಾಟಿ ಬರುವ ರೈಲುದಾರಿ ಕಮಲನಗರದ ಮೇಲೆ ಹಾದು, ಮಹಾರಾಷ್ಟ್ರದ ಉದಗೀರಿನ ಕಡೆಗೆ ಸಾಗುತ್ತದೆ. ಕನ್ನಡ, ಮರಾಠಿ, ಉರ್ದು ಎಂಬ ಮೂರು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಸೀಮೆಯಿದು. ಹೊಂದಾಣಿಕೆಯೆಂದರೇನೆಂದು ಇಲ್ಲಿಯವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಆದರೂ ಇತ್ತೀಚಿನ ವರ್ಷಗಳಲ್ಲಿ, ಬೆಂಗಳೂರಿನ ಮನೆಗಳಿಗೆ ಬಂದಂತೆ ಈ ಊರಿನ ಮನೆಗಳಿಗೂ ಹೊಸದೊಂದು ಹೊಂದಾಣಿಕೆಯ ಪ್ರಶ್ನೆ ಬಂದು ಕುಳಿತಿದೆ. ಅದು ಅತ್ತೆ-ಸೊಸೆಯರದಲ್ಲ, ವಧೂವರರದೂ ಅಲ್ಲ. ಕಂಪ್ಯೂಟರಿನೊಳಗಿನ ಮದರ್‌ಬೋರ್ಡು, ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎಂಬ ಮೂವರದು.

ಮಧ್ಯಮವರ್ಗದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಐದಾರು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದು ಮೂಲೆಯ ಮೇಜಿನ ಮೇಲಿದೆ. ಎಂಜಿನಿಯರಿಂಗ್ ಕಾಲೇಜು ಸೇರಿದ ಮಗನು ಅದು ನಿಧಾನವಾಯಿತೆಂದು ದೂರುತ್ತಾನೆ. ಹೊಸ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬೇಕೆನ್ನುತ್ತಾನೆ. ಅಪ್ಪನಿಗೆ ಹೇಳುವ ಕಾರಣ ಯಂತ್ರಗಳ ನಕ್ಷೆ ಬರೆಯುವುದು. ಹೇಳದೆ ಉಳಿಸಿಕೊಂಡ ಕಾರಣ ಆಟ. ಎರಡೂ ನಿಜವೇ ಇರಬಹುದು. ಇಡೀ ಯಂತ್ರವನ್ನು ಹೊಸದಾಗಿ ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಎರಡು ಭಾಗಗಳನ್ನು ಬದಲಾಯಿಸಿದರೆ ಅರ್ಧ ಖರ್ಚಿನಲ್ಲಿ ಕೆಲಸವಾದೀತೆಂಬ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ಇರುವುದನ್ನೇ ಸರಿಪಡಿಸಿ ಬಳಸುವುದು ಗೃಹಸ್ಥಧರ್ಮವೇ ಸರಿ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಭಾಗಗಳನ್ನು ಕೊಳ್ಳಲು ಬೀದರಕ್ಕೆ ಹೋಗಬೇಕು. ಅಲ್ಲಿ ಸಿಕ್ಕದಿದ್ದರೆ ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚಿನಾಯ್ ಟ್ರೇಡ್ ಸೆಂಟರಿಗೆ ಹೋಗಬೇಕು. ಬೆಂಗಳೂರಿನಲ್ಲಿ ನೆಂಟರಿದ್ದರೆ ಎಸ್.ಪಿ. ರಸ್ತೆಯಿಂದ ತರಿಸಬೇಕು, ಇಲ್ಲವೇ ಪಾರ್ಸೆಲಿನಲ್ಲಿ ಬರಲೆಂದು ಕಾಯಬೇಕು. ಅಂಗಡಿಯವನು "ಬರೋಬರಿ ಕೂಡ್ತದರಿ, ಚಿಂತಿ ಮಾಡಬ್ಯಾಡ್ರಿ" ಎಂದರೆ ಸಾಕು, ಹಣ ಕೈಬಿಡುತ್ತದೆ. ಮನೆಗೆ ತಂದು ಕೂಡಿಸಿದಾಗ ಪರದೆ ಕಪ್ಪಗೇ ಉಳಿದರೆ, ನಗರದವನು ಸಂಜೆಯೊಳಗೆ ಅಂಗಡಿಗೆ ಮರಳಿ ಹೋಗಿಯಾನು. ಕಮಲನಗರದವನಿಗೆ ಮತ್ತೊಂದು ದಿನದ ಕೂಲಿಯೋ ರಜೆಯೋ ಹೋಗುತ್ತದೆ, ರೈಲಿನ ಖರ್ಚು ಎರಡಾಗುತ್ತದೆ. ಒಡೆದ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಲು ಹಲವು ವ್ಯಾಪಾರಿಗಳು ಒಪ್ಪುವುದೂ ಇಲ್ಲ. ಆದುದರಿಂದ ಪೇಟೆಯಿಂದ ದೂರವಿರುವವರೇ ಹಣ ಕೊಡುವ ಮೊದಲು ಹೆಚ್ಚು ವಿಚಾರಿಸಬೇಕು.

ವಿಚಾರಿಸುವುದು ಏನನ್ನು? ಮೂರೇ ಪ್ರಶ್ನೆಗಳು: ಆಕಾರ ಹೊಂದುತ್ತದೆಯೆ? ಭಾಷೆ ತಿಳಿಯುತ್ತದೆಯೆ? ಆಹಾರ ಸಾಲುತ್ತದೆಯೆ? ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಉಳಿದೆರಡನ್ನು ಮರೆಯುವುದರಿಂದಲೇ ಬಹುಪಾಲು ನಷ್ಟಗಳು ಒದಗುತ್ತವೆ.

ಆಕಾರದ ಮಾತನ್ನು ಮೊದಲು ನೋಡಬಹುದು. ಮದರ್‌ಬೋರ್ಡೆಂದರೆ ಎಲ್ಲ ಭಾಗಗಳಿಗೂ ನೆಲೆ ಕೊಡುವ ಹಲಗೆ. ಲೆಕ್ಕ ಮಾಡುವ ಪ್ರೊಸೆಸರು ಅದರ ನಡುವಿನ ಸಾಕೆಟ್ ಎಂಬ ಚೌಕದಲ್ಲಿ ಕೂರುತ್ತದೆ. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು ಪಕ್ಕದ ಉದ್ದ ಸೀಳಿನಲ್ಲಿ ನಿಲ್ಲುತ್ತದೆ. 1990ರ ದಶಕದ ಮಧ್ಯಭಾಗದಲ್ಲಿ 'ಸಾಕೆಟ್ 7' ಎಂಬ ಒಂದೇ ಚೌಕದಲ್ಲಿ ಇಂಟೆಲ್, ಎ.ಎಂ.ಡಿ., ಸೈರಿಕ್ಸ್ ಮೂವರ ಪ್ರೊಸೆಸರುಗಳೂ ಕೂರುತ್ತಿದ್ದವು. ಅದೊಂದು ಅವಿಭಕ್ತ ಕುಟುಂಬದ ಕಾಲ. 1997ರಲ್ಲಿ ಪೆಂಟಿಯಂ 2 ಬಂದಾಗ ಇಂಟೆಲ್ 'ಸ್ಲಾಟ್ 1' ಎಂಬ ತನ್ನದೇ ಆದ ಸೀಳನ್ನು ಮಾಡಿಕೊಂಡು ಬೇರೆಯಾಯಿತು, ಎ.ಎಂ.ಡಿ.ಯೂ ತನ್ನ ಒಲೆಯನ್ನು ಬೇರೆ ಹೂಡಿತು. ಅಂದಿನಿಂದ ಒಬ್ಬರ ಹಲಗೆಯ ಮೇಲೆ ಇನ್ನೊಬ್ಬರ ಪ್ರೊಸೆಸರು ಕೂರುವುದಿಲ್ಲ.

ಒಂದೇ ಮನೆತನದೊಳಗೂ ಪಂಕ್ತಿಭೇದವುಂಟು. ಇಂಟೆಲಿನ 10 ಮತ್ತು 11ನೆಯ ತಲೆಮಾರುಗಳಿಗೆ ಎಲ್.ಜಿ.ಎ. 1200, 2021ರ ಕೊನೆಯಲ್ಲಿ ಬಂದ 12ನೆಯ ತಲೆಮಾರಿಗೂ ಅದರ ಹಿಂದೆ ಬಂದ 13, 14ನೆಯವಕ್ಕೂ ಎಲ್.ಜಿ.ಎ. 1700, 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಶ್ರೇಣಿಗೆ 1851. ಈ ಅಂಕೆಗಳು ಸಂಪರ್ಕಬಿಂದುಗಳ ಸಂಖ್ಯೆಗಳು. ಎ.ಎಂ.ಡಿ.ಯ ರೈಜನ್ ಪ್ರೊಸೆಸರುಗಳು 2017ರಲ್ಲಿ ಎ.ಎಂ. 4 ಎಂಬ ಸಾಕೆಟ್ಟಿನಲ್ಲಿ ಬಂದವು. 2022ರ ಸೆಪ್ಟೆಂಬರಿನಲ್ಲಿ ಎ.ಎಂ. 5 ಬಂದಿತು. ಹಿಂದಿನ ಹೈದರಾಬಾದ್ ಸಂಸ್ಥಾನದ ರೈಲ್ವೆಯಲ್ಲಿ ಬ್ರಾಡ್‌ಗೇಜು, ಮೀಟರ್‌ಗೇಜು ಎರಡೂ ಇದ್ದವು. ಒಂದರ ಬಂಡಿ ಇನ್ನೊಂದರ ಹಳಿಯ ಮೇಲೆ ಓಡದೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಇಲ್ಲಿ ಹಾಗಲ್ಲ. ಸಾಕೆಟ್ಟುಗಳೆಲ್ಲ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಬಗೆ. ಹೆಸರನ್ನು ಓದಿಯೇ ಭೇದವನ್ನರಿಯಬೇಕು.

ನೆನಪಿನ ಪಟ್ಟಿಯಾದ ರ್‍ಯಾಮ್ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೇಜಿನ ಕಂಪ್ಯೂಟರಿನ ಡಿ.ಡಿ.ಆರ್. 4 ಪಟ್ಟಿಗೂ 288 ಸಂಪರ್ಕಗಳು, ಡಿ.ಡಿ.ಆರ್. 5ಕ್ಕೂ 288. ಉದ್ದವೂ ಒಂದೇ. ಆದರೆ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರ ಸೀಳಿನಲ್ಲಿ ಇಳಿಯುವುದಿಲ್ಲ. ಎ.ಎಂ. 4ಕ್ಕೆ ಡಿ.ಡಿ.ಆರ್. 4 ಬೇಕು, ಎ.ಎಂ. 5ಕ್ಕೆ ಡಿ.ಡಿ.ಆರ್. 5 ಮಾತ್ರವೇ ಬೇಕು. ಎಲ್.ಜಿ.ಎ. 1700 ಹಲಗೆಗಳಲ್ಲಿ ಕೆಲವು ಅದನ್ನು, ಕೆಲವು ಇದನ್ನು ಬಯಸುತ್ತವೆ. ಆದುದರಿಂದ ಪ್ರೊಸೆಸರನ್ನು ಬದಲಾಯಿಸ ಹೊರಟವನು ಹಲಗೆಯನ್ನೂ ರ್‍ಯಾಮನ್ನೂ ಕೊಳ್ಳಬೇಕಾಗಿ ಬಂದು, ಅರ್ಧ ಖರ್ಚೆಂದು ತಿಳಿದದ್ದು ಮುಕ್ಕಾಲಾಗುವುದುಂಟು. ಬೀದರದ ಬಿದರಿ ಕೆಲಸದವನು ತನ್ನ ಬೆಳ್ಳಿಯ ತಂತಿಗೆ ತಕ್ಕಂತೆ ಲೋಹದಲ್ಲಿ ಗೀರು ಕೊರೆದುಕೊಳ್ಳುತ್ತಾನೆ, ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುತ್ತಾನೆ. ಕಂಪ್ಯೂಟರಿನಲ್ಲಿ ಕೊರೆಯುವ ಅಧಿಕಾರವೂ ಇಲ್ಲ, ಬಡಿಯುವ ಅಧಿಕಾರವೂ ಇಲ್ಲ. ಸಾಕೆಟ್ಟಿನ ಕೂದಲೆಳೆಯಂಥ ಮುಳ್ಳುಗಳು ಬಾಗಿದರೆ ಹಲಗೆಯೇ ಕೆಟ್ಟಂತೆ. ಒತ್ತಿದರೂ ಕೂರದ ಭಾಗವನ್ನು ಎತ್ತಿ, ಹೆಸರನ್ನು ಇನ್ನೊಮ್ಮೆ ಓದುವುದೇ ಜಾಣತನ.

ಇನ್ನು ಎರಡನೆಯ ಪ್ರಶ್ನೆ, ಭಾಷೆಯದು. ಆಕಾರ ಹೊಂದಿದರೆ ಎಲ್ಲವೂ ಹೊಂದಿದಂತೆಯೇ ಎಂದು ನಂಬುವವರು 2017ರ ಸಂಗತಿಯೊಂದನ್ನು ನೆನೆಯಬೇಕು. ಇಂಟೆಲ್ ಸಂಸ್ಥೆ 2015ರಲ್ಲಿ ಎಲ್.ಜಿ.ಎ. 1151 ಎಂಬ ಸಾಕೆಟ್ಟನ್ನು ತಂದಿತು. ಆರನೆಯ ಮತ್ತು ಏಳನೆಯ ತಲೆಮಾರಿನ ಪ್ರೊಸೆಸರುಗಳು ಅದರಲ್ಲಿ ಸುಖವಾಗಿ ನಡೆದವು. 2017ರ ಅಕ್ಟೋಬರಿನಲ್ಲಿ ಎಂಟನೆಯ ತಲೆಮಾರಿನವು ಬಂದವು. ಅವಕ್ಕೂ ಅದೇ 1151 ಬಿಂದುಗಳು. ಹಳೆಯ ಹಲಗೆಯ ಮೇಲೆ ಇಟ್ಟರೆ ನೆಟ್ಟಗೆ ಕೂರುತ್ತಿದ್ದವು. ಆದರೆ ಕಂಪ್ಯೂಟರು ಮಾತ್ರ ಏಳುತ್ತಿರಲಿಲ್ಲ. ಬಿಂದುಗಳ ಹಂಚಿಕೆಯನ್ನು ಒಳಗಿಂದೊಳಗೆ ಬದಲಾಯಿಸಲಾಗಿತ್ತು. 300 ಶ್ರೇಣಿಯ ಹೊಸ ಹಲಗೆಯೇ ಬೇಕೆಂದು ನಿಯಮವಾಗಿತ್ತು. ಹೆಚ್ಚಿನ ವಿದ್ಯುತ್ತನ್ನು ಒದಗಿಸುವುದಕ್ಕಾಗಿ ಈ ಬದಲಾವಣೆಯೆಂದು ಸಂಸ್ಥೆ ಹೇಳಿತು. ಆದರೆ ಕೆಲವು ಹವ್ಯಾಸಿಗಳು ಹಳೆಯ ಹಲಗೆಗಳ ಒಳಬರಹವನ್ನು ತಿದ್ದಿ, ಅವುಗಳಲ್ಲಿಯೇ ಹೊಸ ಪ್ರೊಸೆಸರುಗಳನ್ನು ನಡೆಸಿ ತೋರಿಸಿದರು. ಹೊಂದಾಣಿಕೆಯೆಂಬುದು ಲೋಹದ ಗುಣವೆಷ್ಟೋ ತಯಾರಕರ ತೀರ್ಮಾನವೂ ಅಷ್ಟೇ ಎಂಬುದು ಆಗ ಜನಕ್ಕೆ ಅರಿವಾಯಿತು.

ಈ ಒಳಬರಹಕ್ಕೆ ಬಯಾಸ್ ಎಂದು ಹೆಸರು. ಹಲಗೆಯ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ ಇದು ಅಡಗಿರುತ್ತದೆ. ಗುಂಡಿಯನ್ನೊತ್ತಿದೊಡನೆ ಮೊದಲು ಎಚ್ಚರಗೊಂಡು, ಪ್ರೊಸೆಸರಿನ ಗುರುತು ಹಿಡಿದು, ಉಳಿದವರನ್ನು ಎಬ್ಬಿಸುವುದು ಇದರ ಕೆಲಸ. ಹಲಗೆ ತಯಾರಾದ ಮೇಲೆ ಹುಟ್ಟಿದ ಪ್ರೊಸೆಸರಿನ ಪರಿಚಯ ಇದಕ್ಕೆ ಇರಲಾರದು. 2022ರ ಆರಂಭದಲ್ಲಿ ಕೊಂಡ ಎಲ್.ಜಿ.ಎ. 1700ರ ಹಲಗೆಯ ಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 13ನೆಯ ತಲೆಮಾರಿನ ಪ್ರೊಸೆಸರನ್ನು ಇಟ್ಟರೆ, ಬಯಾಸನ್ನು ಹೊಸದಾಗಿಸುವ ತನಕ ಪರದೆ ಬೆಳಗದಿರಬಹುದು. ಭಾಗ ಕೆಟ್ಟಿದೆಯೆಂದು ತಿಳಿದು ಮರಳಿ ಪೇಟೆಗೆ ಹೋದವರಿದ್ದರೆ ಆಶ್ಚರ್ಯವಿಲ್ಲ. ಕೆಟ್ಟದ್ದು ಯಾವುದೂ ಅಲ್ಲ, ಪರಸ್ಪರ ಪರಿಚಯವಿಲ್ಲ, ಅಷ್ಟೇ. ಹೊಸದಾಗಿಸುವ ಕೆಲಸವನ್ನು ಹಳೆಯ ಪ್ರೊಸೆಸರು ಹಲಗೆಯ ಮೇಲೆ ಇರುವಾಗಲೇ ಮುಗಿಸಬೇಕು. ಅದು ನಡೆಯುವ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಹಲಗೆ ಏಳದಂತಾಗುವ ಅಪಾಯವುಂಟು. ಕರೆಂಟು ಬಂದುಹೋಗುವ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಇದಕ್ಕೆ ಕೈಹಾಕದಿರುವುದು ಲೇಸು.

2020ರ ಮೇ ತಿಂಗಳಲ್ಲಿ ನಡೆದ ಇನ್ನೊಂದು ಸಂಗತಿ ಮೊದಲನೆಯದಕ್ಕೆ ಜವಾಬಿನಂತಿದೆ. ಮುಂದೆ ಬರಲಿರುವ ರೈಜನ್ ಪ್ರೊಸೆಸರುಗಳು ಎ.ಎಂ. 4 ಸಾಕೆಟ್ಟಿನಲ್ಲಿಯೇ ಕೂರುವುವಾದರೂ ಬಿ 450 ಮೊದಲಾದ ಹಿಂದಿನ ಹಲಗೆಗಳಲ್ಲಿ ನಡೆಯವೆಂದು ಎ.ಎಂ.ಡಿ. ಸಾರಿತು. ಹಲವು ಹಲಗೆಗಳ ಬಯಾಸ್ ಚಿಪ್ಪಿನಲ್ಲಿ ಇದ್ದುದು 16 ಮೆಗಾಬೈಟಿನ ಜಾಗ. ಅಷ್ಟು ಪ್ರೊಸೆಸರುಗಳ ಪರಿಚಯವನ್ನು ಅದರಲ್ಲಿ ಹಿಡಿಸುವುದು ಕಷ್ಟವೆಂಬುದು ಕಾರಣ. ಆಗ ತಾನೇ ಆ ಹಲಗೆಗಳನ್ನು ಕೊಂಡಿದ್ದವರು ಜಗತ್ತಿನ ನಾನಾ ಕಡೆಗಳಿಂದ ಆಕ್ಷೇಪಿಸಿದರು. ಅದೇ ತಿಂಗಳೊಳಗೆ ಸಂಸ್ಥೆ ತನ್ನ ಮಾತನ್ನು ಹಿಂದೆಗೆದುಕೊಂಡು, ಬಿ 450 ಮತ್ತು ಎಕ್ಸ್ 470 ಹಲಗೆಗಳಿಗೂ ಅವಕಾಶ ಕೊಡುವುದಾಗಿ ಹೇಳಿತು. 2022ರಲ್ಲಿ ಇನ್ನೂ ಹಳೆಯ 300 ಶ್ರೇಣಿಯ ಹಲಗೆಗಳಿಗೂ ಆ ಭಾಗ್ಯ ದೊರೆಯಿತು. 2017ರಲ್ಲಿ ಕೊಂಡ ಹಲಗೆಯೊಂದು ಐದು ವರ್ಷಗಳ ಅನಂತರ ಹೊಸ ಪ್ರೊಸೆಸರನ್ನು ಬರಮಾಡಿಕೊಂಡಿತೆಂದರೆ, ಕೊಂಡವರ ದನಿಗೂ ಬೆಲೆಯಿದೆಯೆಂದಾಯಿತು.

ಈ ಉದಾರತೆಗೆ ಕನ್ನಡನಾಡಿನದೇ ಒಂದು ನಿದರ್ಶನವುಂಟು. ಇಂಟೆಲಿನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ರೂಪಿಸಿದ, ಡನ್ನಿಂಗ್‌ಟನ್ ಎಂಬ ಸಂಕೇತನಾಮದ ಜಿಯಾನ್ 7400 ಪ್ರೊಸೆಸರು 2008ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಒಂದೇ ಪ್ರೊಸೆಸರಿನಲ್ಲಿ ಆರು ಗಣಕಕೇಂದ್ರಗಳು, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ದೊಡ್ಡ ಸಂಸ್ಥೆಗಳ ಸರ್ವರುಗಳಿಗೆಂದು ಮಾಡಿದ ಈ ಪ್ರೊಸೆಸರು ಅದರ ಹಿಂದಿನ 7300 ಶ್ರೇಣಿಯ ಸಾಕೆಟ್ಟಿನಲ್ಲಿಯೇ ಕೂರುವಂತಿತ್ತು. ಬಯಾಸನ್ನು ಹೊಸದಾಗಿಸಿದರೆ ಹಳೆಯ ಸರ್ವರನ್ನೇ ಮುಂದುವರಿಸಬಹುದಾಗಿತ್ತು. ಹೊಸದು ಬಂದಾಗ ಹಳೆಯದನ್ನು ಬೀದಿಗೆ ತಳ್ಳಲೇಬೇಕೆಂಬ ನಿಯಮ ವಿಜ್ಞಾನದಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂರನೆಯ ಪ್ರಶ್ನೆ ಆಹಾರದ್ದು. ಇದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿಗೆ ಸೇರಿದ್ದು. ಮೂವರಲ್ಲಿ ಅತ್ಯಂತ ಸ್ನೇಹಶೀಲ ಸ್ವಭಾವ ಇದರದು. ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಸೀಳಿನ ನಿಯಮಗಳು 2000ರ ದಶಕದ ಆರಂಭದಲ್ಲಿ ಮೊದಲು ಪ್ರಕಟವಾದುವು. ಅನಂತರ ಎಷ್ಟೋ ತಲೆಮಾರುಗಳು ಕಳೆದಿದ್ದರೂ ಹೊಸ ಕಾರ್ಡು ಸಾಮಾನ್ಯವಾಗಿ ಹಳೆಯ ಸೀಳಿನಲ್ಲಿಯೂ ನಡೆಯುತ್ತದೆ, ಹಳೆಯದು ಹೊಸದರಲ್ಲಿಯೂ ನಡೆಯುತ್ತದೆ. ಇಂಟೆಲ್, ಎ.ಎಂ.ಡಿ. ಎಂಬ ಪಕ್ಷಭೇದವೂ ಇದಕ್ಕಿಲ್ಲ. ಆದರೆ ನಡೆಯುವುದು ಬೇರೆ, ಪೂರ್ಣಶಕ್ತಿಯಿಂದ ನಡೆಯುವುದು ಬೇರೆ. 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್.ಎಕ್ಸ್. 6500 ಎಕ್ಸ್.ಟಿ. ಎಂಬ ಅಗ್ಗದ ಕಾರ್ಡು ಉದ್ದ ಸೀಳಿನಲ್ಲಿ ಕೂರುತ್ತದಾದರೂ ಅದಕ್ಕಿರುವುದು ನಾಲ್ಕೇ ದಾರಿಗಳು. ನಾಲ್ಕನೆಯ ತಲೆಮಾರಿನ ಸೀಳಿನಲ್ಲಿ ಹೇಗೋ ಸಾಗುತ್ತದೆ. ಮೂರನೆಯ ತಲೆಮಾರಿನದರಲ್ಲಿ ಹಲವು ಆಟಗಳಲ್ಲಿ ಎದ್ದು ಕಾಣುವಂತೆ ಕುಂಟುತ್ತದೆ. ಹಳೆಯ ಹಲಗೆಯಿದ್ದವರೇ ಅಗ್ಗದ ಕಾರ್ಡನ್ನು ಅರಸುವವರಾದುದರಿಂದ ಈ ಕುಂಟು ಬಡವನ ಪಾಲಿಗೇ ಬಂದಿತು. ಹಲವು ಹಲಗೆಗಳ ಮೇಲೆ ಉದ್ದ ಸೀಳುಗಳು ಎರಡಿರುತ್ತವೆ. ಎರಡನೆಯದು ಹೊರಗೆ ಉದ್ದ, ಒಳಗೆ ದಾರಿ ಕಡಿಮೆ. ಕಾರ್ಡನ್ನು ಪ್ರೊಸೆಸರಿಗೆ ಹತ್ತಿರದ ಸೀಳಿನಲ್ಲಿಯೇ ನಿಲ್ಲಿಸುವುದು ವಾಡಿಕೆ.

ಆ ಸೀಳಿನಿಂದ ಕಾರ್ಡಿಗೆ ಸಿಕ್ಕುವ ವಿದ್ಯುತ್ತು ಹೆಚ್ಚೆಂದರೆ 75 ವಾಟ್. ಹಸಿವು ಅದಕ್ಕಿಂತ ಹೆಚ್ಚಿದ್ದರೆ ಪವರ್ ಸಪ್ಲೈ ಪೆಟ್ಟಿಗೆಯಿಂದ ನೇರವಾಗಿ ತಂತಿ ಎಳೆಯಬೇಕು. ಆರು ಮುಳ್ಳಿನ ತಂತಿ ಇನ್ನು 75 ವಾಟ್, ಎಂಟು ಮುಳ್ಳಿನದು 150 ವಾಟ್ ಕೊಡುವಂಥದು. ಅಗ್ಗದ ಪೆಟ್ಟಿಗೆಗಳಲ್ಲಿ ಈ ತಂತಿಯೇ ಇರುವುದಿಲ್ಲ. ಪ್ರೊಸೆಸರಿಗಾಗಿ ಎಂಟು ಮುಳ್ಳಿನ ಬೇರೊಂದು ತಂತಿ ಇರುತ್ತದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಅದರ ಧನ-ಋಣಗಳ ಜೋಡಣೆ ತಲೆಕೆಳಗು. ಬಲವಂತವಾಗಿ ತುರುಕಿದರೆ ಕಾರ್ಡಿಗೆ ಉಳಿಗಾಲವಿಲ್ಲ. 2022ರ ಅಕ್ಟೋಬರಿನಲ್ಲಿ ಬಂದ ಆರ್.ಟಿ.ಎಕ್ಸ್. 4090 ಎಂಬ ಭಾರಿ ಬೆಲೆಯ ಕಾರ್ಡಿಗೆ 600 ವಾಟಿನವರೆಗೆ ಹರಿಸಬಲ್ಲ ಹೊಸ ಬಗೆಯ ತಂತಿ ಇತ್ತು. ಕೆಲವರ ಮನೆಗಳಲ್ಲಿ ಅದರ ಮೂತಿಯೇ ಕರಗಿಹೋಯಿತು. ಪೂರ್ತಿ ಒಳಗೆ ಹೋಗದ ಮೂತಿ ಇದಕ್ಕೆ ಮುಖ್ಯ ಕಾರಣವೆಂದು ತಯಾರಕರು ಅನಂತರ ತಿಳಿಸಿದರು. ಶ್ರೀಮಂತನ ಯಂತ್ರಕ್ಕೂ ಅನ್ನದ ಬಾಯಿ ಸರಿಯಾಗಿ ಕೂಡಲೇಬೇಕಲ್ಲವೆ!

ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಇರುವ ಇನ್ನೊಂದು ಸಂಬಂಧವನ್ನು ಮರೆಯುವಂತಿಲ್ಲ. ಕೆಲವು ಪ್ರೊಸೆಸರುಗಳ ಹೊಟ್ಟೆಯಲ್ಲಿಯೇ ಚಿತ್ರ ಮೂಡಿಸುವ ಶಕ್ತಿಯಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಎಂಬ ಅಕ್ಷರವಿದ್ದರೆ ಆ ಶಕ್ತಿ ಇಲ್ಲವೆಂದರ್ಥ. ರೈಜನ್ 5 5600ರಲ್ಲಿ ಇಲ್ಲ, 5600 ಜಿ ಎಂಬುದರಲ್ಲಿ ಇದೆ. ನೂರಾರು ರೂಪಾಯಿ ಉಳಿಯಿತೆಂದು 'ಎಫ್' ತಂದು, ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ದೀಪಾವಳಿಗೆ ಕೊಳ್ಳೋಣವೆಂದುಕೊಂಡರೆ ಅಲ್ಲಿಯತನಕ ಪರದೆಯ ಮೇಲೆ ಅಮಾವಾಸ್ಯೆ. ಹಲಗೆಯ ಹಿಂಬದಿಯಲ್ಲಿ ಪರದೆಯ ತಂತಿಗೆ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ಚಿತ್ರ ಬರಬೇಕೆಂದೇನಿಲ್ಲ.

ಇಷ್ಟನ್ನೆಲ್ಲ ನೆನಪಿಡುವುದು ಯಾರಿಗೂ ಸಾಧ್ಯವಿಲ್ಲ, ಇಡಬೇಕಾಗಿಯೂ ಇಲ್ಲ. ಮಾಡಬೇಕಾದುದು ಸ್ವಲ್ಪವೇ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ 'ಸಿಸ್ಟಂ ಇನ್ಫರ್ಮೇಶನ್' ಎಂಬ ಪುಟವನ್ನು ತೆರೆದರೆ ಹಲಗೆಯ ಹೆಸರೂ ಬಯಾಸಿನ ಆವೃತ್ತಿಯೂ ಕಾಣುತ್ತವೆ. ಹಲಗೆಯ ಮೇಲೆಯೇ ಅದರ ಪೂರ್ಣ ಹೆಸರು ಅಚ್ಚಾಗಿರುತ್ತದೆ. ಪಕ್ಕದಲ್ಲಿ ಪರಿಷ್ಕರಣೆಯ ಸಂಖ್ಯೆಯಿದ್ದರೆ ಅದನ್ನೂ ಬರೆದುಕೊಳ್ಳಬೇಕು, ಏಕೆಂದರೆ ಹೆಸರೊಂದೇ ಆಗಿದ್ದು ಒಡಲು ಬೇರೆಯಾಗಿರುವ ಹಲಗೆಗಳೂ ಉಂಟು. ಆ ಹೆಸರನ್ನು ಹಿಡಿದು ತಯಾರಕರ ತಾಣಕ್ಕೆ ಹೋದರೆ, ಯಾವ ಯಾವ ಪ್ರೊಸೆಸರು ಅದರ ಮೇಲೆ ನಡೆಯುತ್ತದೆ, ಬಯಾಸಿನ ಯಾವ ಆವೃತ್ತಿಯಿಂದ ನಡೆಯುತ್ತದೆ ಎಂಬ ಪಟ್ಟಿ ಸಿಕ್ಕುತ್ತದೆ. ಬೇಕಾದ ಪ್ರೊಸೆಸರಿನ ಹೆಸರು, ಕೊನೆಯ ಅಕ್ಷರದ ಸಮೇತ, ಪಟ್ಟಿಯಲ್ಲಿದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ಅಂಗಡಿಯವನು ಆಣೆ ಇಟ್ಟರೂ ಕೊಳ್ಳಬಾರದು. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಪವರ್ ಸಪ್ಲೈಯ ಚೀಟಿಯಲ್ಲಿರುವ ವಾಟ್ ಎಷ್ಟು, ಹೆಚ್ಚಿನ ತಂತಿಗಳು ಎಷ್ಟು, ಪೆಟ್ಟಿಗೆಯೊಳಗೆ ಖಾಲಿ ಇರುವ ಉದ್ದ ಎಷ್ಟು ಮಿಲಿಮೀಟರು ಎಂದು ನೋಡಿದರಾಯಿತು.

ಹಣ ಕೊಡುವ ಮೊದಲು ಕಂಪ್ಯೂಟರಿನಲ್ಲಿ ನಡೆಯಬೇಕಾದ ಕಾರ್ಯಕ್ರಮಗಳ ಕಡೆಗೂ ಒಂದು ನೋಟ ಹರಿಸಬೇಕು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನವನ್ನೂ ಮೊದಲ ರೈಜನ್‌ಗಳನ್ನೂ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತೀರ ಹಳೆಯ ಹಲಗೆಗೆ ದುಬಾರಿ ಕಾರ್ಡನ್ನು ಜೋಡಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟು ವಿಚಾರಣೆ ಪಂಡಿತರಿಗೆ ಮಾತ್ರ ಸಾಧ್ಯವೆಂದು ಯಾರೂ ಎದೆಗುಂದಬೇಕಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸವೆದಾಗ ಜಾಣ ಗೃಹಿಣಿ ಅಂಗಡಿಯವನ ಕಣ್ಣಂದಾಜನ್ನು ನಂಬಿ ಹೋಗುವುದಿಲ್ಲ. ಮುಚ್ಚಳವನ್ನೇ ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ. ಕಂಪೆನಿಯ ಹೆಸರು ನೋಡುತ್ತಾಳೆ, ಲೀಟರಿನ ಅಳತೆ ಕೇಳುತ್ತಾಳೆ, ಅಲ್ಲಿಯೇ ಕೂರಿಸಿ ನೋಡಿ, ಮನೆಗೆ ಬಂದು ಉಗಿ ಸೋರದೆ ಸೀಟಿ ಹೊಡೆದ ಮೇಲೆಯೇ ಸರಿಯೆನ್ನುತ್ತಾಳೆ. ಮಗನ ಕಂಪ್ಯೂಟರಿನ ವ್ಯಾಪಾರಕ್ಕೆ ಅಪ್ಪನೊಬ್ಬನೇ ಹೊರಡುವ ಬದಲು, ಹಿಂದಿನ ರಾತ್ರಿ ಮನೆಯವರೆಲ್ಲ ಕುಳಿತು, ಹಲಗೆಯ ಹೆಸರನ್ನೂ ಬಯಾಸಿನ ಆವೃತ್ತಿಯನ್ನೂ ವಾಟಿನ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದು ಅವನ ಜೇಬಿಗೆ ಹಾಕಲಿ. ಬಿಲ್ಲಿನ ಮೇಲೆ ಭಾಗಗಳ ಪೂರ್ಣ ಹೆಸರನ್ನು ಬರೆಯಿಸಿಕೊಂಡು ಬರಲೆಂದು ತಾಯಿ ಎಚ್ಚರಿಸಲಿ. ಆ ಚೀಟಿಗೆ ಕಾಸಿನ ಖರ್ಚಿಲ್ಲ. ಸಿಕಂದರಾಬಾದಿಗೆ ಎರಡನೆಯ ಸಲ ಹೋಗುವ ರೈಲಿನ ಟಿಕೇಟು ಮಾತ್ರ ಉಳಿಯುತ್ತದೆ.